ಎರಡು ಬೆರಳ ಬೂದಿ

ನಾನು ಒಂದು ಕೆಂಡದ ಒಲೆ. ಮೀನು ಸುಡುವ ಒಲೆ.

ಅದಕ್ಕೂ ಮೊದಲು ಎಣ್ಣೆ ತುಂಬುವ ಡ್ರಮ್ಮಾಗಿದ್ದೆ. ಪಾಂಡವಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಇಲಿಯಾಸ್ ಸಾಬರು ನನ್ನನ್ನು ನೆಲಕ್ಕೆ ಕೆಡವಿ ಉದ್ದಕ್ಕೆ ಸೀಳಿದರು. ಒಂದು ಅರ್ಧಕ್ಕೆ ಕಾಲು ಕೂರಿಸಿ, ಪಕ್ಕೆಯಲ್ಲಿ ಗಾಳಿಗೆ ತೂತು ಕೊರೆದು, ಮೇಲೆ ಸರಳಿನ ಜಾಲರಿ ಹಾಸಿದರು. ಅದು ನಾನು. ಇನ್ನೊಂದು ಅರ್ಧವನ್ನು ದನಗಳಿಗೆ ನೀರಿಡಲೆಂದು ಯಾರೋ ಕೊಂಡರು. ಅದು ಎತ್ತಿನ ಗಾಡಿಯಲ್ಲಿ ಅಂಗಾತ ಮಲಗಿ ಹೋಯಿತು. ಅದಕ್ಕೆ ನೀರು, ನನಗೆ ಬೆಂಕಿ. ಮತ್ತೆ ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ನನ್ನನ್ನು ಮೊದಲು ಕೊಂಡವರು ಕಾವೇರಿ ದಂಡೆಯ ಒಂದು ತೋಟದ ಮನೆಯವರು. ಭಾನುವಾರಕ್ಕೆ ಊರಿಂದ ಜನ ಬರುತ್ತಿದ್ದರು, ಹಾಡು ಹಾಕಿಕೊಂಡು ಕೋಳಿ ಸುಡುತ್ತಿದ್ದರು, ಹೊರಡುವಾಗ ಉರಿಯುವ ಕೆಂಡದ ಮೇಲೆ ಬಕೀಟು ನೀರು ಸುರಿಯುತ್ತಿದ್ದರು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದಾಗ ಆಗುವುದನ್ನು ನಾನು ಹೇಳಲಾರೆ. ಬೂದಿ ಕೆಸರಾಗಿ ತಳದಲ್ಲಿ ಕೂರುತ್ತಿತ್ತು. ಯಾರೂ ತೆಗೆಯುತ್ತಿರಲಿಲ್ಲ. ಕೊನೆಗೆ ಗ್ಯಾಸಿನ ಒಲೆ ಬಂತು, ನಾನು ಗೋಡೆಯ ಹಿಂದಕ್ಕೆ ಹೋದೆ.

ಅಲ್ಲಿಂದ ನನ್ನನ್ನು ಬಿಡಿಸಿ ತಂದವನು ಚೆಲುವರಾಜು, ನದಿಯ ಈಚೆ ದಡದ ಬೆಸ್ತರವನು. ರಸ್ತೆ ಸುತ್ತಿಕೊಂಡು ಯಾರು ಹೋಗುತ್ತಾರೆಂದು ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿದ. ಬೆಂಕಿಯ ಒಲೆ ನೀರಿನ ಮೇಲೆ ತೇಲಿಕೊಂಡು ಬಂದುದನ್ನು ನೋಡಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಅವನೂ ನಕ್ಕ. ಹೊಂಗೆ ಮರದ ಕೆಳಗೆ ತಗಡು ಹೊದಿಸಿದ ಅವನ ಮೀನಂಗಡಿಯಲ್ಲಿ ನನಗೆ ಜಾಗ ಸಿಕ್ಕಿತು.

ಮರುವರ್ಷ ಅವನ ಮದುವೆಯಾಯಿತು. ಹುಡುಗಿ ಜಯಶೀಲ. ಮಳವಳ್ಳಿ ಕಡೆಯ, ಹೊಳೆ ಇಲ್ಲದ ಊರಿನವಳು. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ನನ್ನೊಳಗಿನ ಬೂದಿಯನ್ನೆಲ್ಲ ಹೊಳೆಗೆ ಸುರಿದು, ತೆಂಗಿನ ನಾರಿನಲ್ಲಿ ನನ್ನ ತಳವನ್ನು ಉಜ್ಜಿ ಉಜ್ಜಿ ತೊಳೆದಳು. ಚೆಲುವರಾಜುವಿನ ತಾಯಿ ದೇವೀರಮ್ಮ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದೇನಮ್ಮಿ ಇದು? ಮದ್ವೆಮನೆ ಹಂಡೆ ಬೆಳಗ್ದಂಗೆ ಬೆಳಗಿದ್ದೀಯಲ್ಲ!"

"ಗಲೀಜಾಗಿತ್ತು ಅತ್ತೆ."

"ಗಲೀಜಲ್ಲ ಕಣಮ್ಮಿ, ಅದು ಕೆಂಡದ ಹಾಸಿಗೆ. ಬರೀ ಕಬ್ಬಿಣದ ಮೇಲೆ ಕೆಂಡ ಸುರುದ್ರೆ ತಳ ಸುಟ್ಟೋಯ್ತದೆ. ನಿನ್ನ ಬರೀ ನೆಲದ ಮೇಲೆ ಮಲಗ್ಸುದ್ರೆ ಮಲಗೀಯಾ?"

"ಬುಡವ್ವ," ಎಂದ ಚೆಲುವರಾಜು. "ಒಲೆಗೂ ಒಂದಿನ ಮದ್ವಣಗಿತ್ತಿ ಸಿಂಗಾರ ಆಯ್ತು."

ಅಂದು ದೇವೀರಮ್ಮ ಸೊಸೆಗೆ ಬೂದಿ ತೆಗೆಯುವುದನ್ನು ಹೇಳಿಕೊಟ್ಟಳು. ಮೊದಲು ಕೈಯ ಹಿಂಬದಿಯನ್ನು ಬೂದಿಯ ಮೇಲೆ ಹಿಡಿಯಬೇಕು. ಅಂಗೈಯನ್ನು ನಂಬಬಾರದು, ಕೆಲಸ ಮಾಡಿ ಮಾಡಿ ಅದಕ್ಕೆ ಬಿಸಿ ಗೊತ್ತಾಗುವುದಿಲ್ಲ. ತಣ್ಣಗಿದ್ದರೆ ತೆಂಗಿನ ಚಿಪ್ಪಿನಲ್ಲಿ ಮೆಲ್ಲಗೆ ತೋಡಬೇಕು. ಮೊರದಲ್ಲಿ ಕೇರಿ, ಅರ್ಧ ಉರಿದು ಉಳಿದ ಇದ್ದಿಲನ್ನು ಬೇರೆ ಇಡಬೇಕು, ನಾಳೆ ಬೇಗ ಹತ್ತಿಕೊಳ್ಳುವುದು ಅದೇ. ತಳದಲ್ಲಿ ಎರಡು ಬೆರಳಿನಷ್ಟು ಬೂದಿ ಬಿಡಬೇಕು. ಮಿಕ್ಕಿದ್ದು ಬಾಯಿ ಒಡೆದ ಕುಡಿಕೆಗೆ.

ಕುಡಿಕೆಯ ಬೂದಿ ಮೀನಿಗೆ. ಜೀವಂತ ಕೊರವ ಮೀನು ಬರಿಗೈಯಲ್ಲಿ ನಿಲ್ಲುವುದಿಲ್ಲ, ಲೋಳೆ. ಕೈಗೆ ಬೂದಿ ಬಳಿದುಕೊಂಡರೆ ಹಿಡಿತ ಸಿಗುತ್ತದೆ. ನಿನ್ನೆ ಮೀನು ಸುಟ್ಟ ಬೂದಿಯಲ್ಲಿ ಇವತ್ತಿನ ಮೀನು ಹಿಡಿಯುವುದು. ಜಯಶೀಲ ಒಮ್ಮೆ ಹಿಡಿದಳು. ಮೀನು ಕೊಸರಿಕೊಂಡಿತು. ಅವಳು ಕಿರುಚಿ ಬಿಟ್ಟೇಬಿಟ್ಟಳು. ಅದು ಕಲ್ಲಿನಿಂದ ಕಲ್ಲಿಗೆ ಹಾರಿ ಹೊಳೆ ಸೇರಿತು.

"ಹೋಯ್ತು! ಮಳವಳ್ಳಿ ಹೆಣ್ಣು ಕೈಬುಟ್ಲು ಅಂತ ಹೊಳೇಲೆಲ್ಲ ಸಾರ್ಕೊಂಡು ಬತ್ತದೆ ನೋಡು ಈಗ," ಎಂದು ಚೆಲುವರಾಜು ನಕ್ಕ.

"ಸಾರ್ಲಿ. ನಾನು ಇನ್ನು ಮುಟ್ಟಕಿಲ್ಲ. ನೀವೇ ಹಿಡ್ಕಳಿ."

"ನಾನಿರೋವರ್ಗೂ ಹಿಡೀತೀನಿ ಬುಡಮ್ಮಿ."

ಅಂದಿನಿಂದ ಬೂದಿ ತೆಗೆಯುವ ಕೆಲಸ ಅವಳದು, ಮೀನಿನ ಕೆಲಸ ಅವನದು. ನಾನು ಕೆಳಗಿನಿಂದ ನೋಡುವವನು. ನನಗೆ ಕಾಣುತ್ತಿದ್ದುದು ನಾಲ್ಕು ಕೈಗಳು. ಮಧ್ಯಾಹ್ನದ ವ್ಯಾಪಾರ ಮುಗಿದ ಮೇಲೆ ಅವನು ಕೆಂಡವನ್ನು ಒಂದೆಡೆ ಎಳೆದು, ಮೇಲೆ ಬೂದಿ ಮುಚ್ಚುತ್ತಿದ್ದ. ಸಂಜೆ ಬೂದಿ ಸರಿಸಿದರೆ ಕೆಂಡ ಎದ್ದು ಕೂರುತ್ತಿತ್ತು. ಕಡ್ಡಿ ಗೀರುವ ಕೆಲಸವೇ ಇರಲಿಲ್ಲ.

ಆ ಮಧ್ಯಾಹ್ನವೂ ಮುಚ್ಚಿದ. ಇದ್ದಿಲು ಮುಗಿದಿತ್ತು. ಬೈಕು ಹತ್ತಿ, "ಕೆಂಡ ನೋಡ್ಕತಿರು, ಬಂದೆ," ಎಂದ.

ಜಯಶೀಲ ಬಂದು ನೋಡಿದಳು. ಕೈಯ ಹಿಂಬದಿ ಹಿಡಿದಳು, ಬೆಚ್ಚಗಿತ್ತು. ಹೊತ್ತು ಇಳಿಯಿತು. ಮತ್ತೆ ಬಂದು ನೋಡಿದಳು. ಆಮೇಲೆ ರಸ್ತೆಯ ಕಡೆಯಿಂದ ಜನ ಓಡಿ ಬಂದರು. ಲಾರಿ ಎಂದರು. ಅವಳು ಕೈಯಲ್ಲಿದ್ದ ಚಿಪ್ಪನ್ನು ನನ್ನ ಅಂಚಿನ ಮೇಲಿಟ್ಟು ಅವರ ಜೊತೆ ಹೋದಳು. ಚಿಪ್ಪು ಅಲ್ಲೇ ಉಳಿಯಿತು.

ಅವನನ್ನು ಮಾರನೆಯ ದಿನ ಮಣ್ಣು ಮಾಡಿದರು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವನು ಮುಚ್ಚಿಟ್ಟ ಕೆಂಡವನ್ನು ನಾನು ಹಿಡಿದುಕೊಂಡೇ ಇದ್ದೆ. ಅದು ಸಣ್ಣದಾಗುತ್ತ ಹೋಯಿತು. ಯಾವಾಗ ಆರಿತೆಂದು ನನಗೂ ತಿಳಿಯಲಿಲ್ಲ.

ಅಂಗಡಿ ಮುಚ್ಚಿತು. ದೇವೀರಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಊರೊಳಗೆ ಮಾರಿ ಬರುತ್ತಿದ್ದಳು. ಜಯಶೀಲ ಬೆಳಿಗ್ಗೆ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದಳು. ಚಿಪ್ಪು ಮುಟ್ಟುತ್ತಿರಲಿಲ್ಲ. ಅವನ ಕೈ ಎಳೆದ ಬೂದಿ ಅದು, ಬೆರಳಿನ ಗೆರೆಗಳು ಹಾಗೇ ಇದ್ದವು. ಮಳೆಗಾಲಕ್ಕೆ ಮುಂಚೆ ನನ್ನ ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಕಾಲಿಗೂ ಕಟ್ಟಿದಳು. ಹಾಗೆ ಕಟ್ಟುವಾಗ ಅವಳ ಮುಖ ನನಗೆ ಹತ್ತಿರದಿಂದ ಕಂಡಿತು. ಅಳು ಇರಲಿಲ್ಲ. ಏನೂ ಇರಲಿಲ್ಲ.

"ಬೂದಿ ತಗಿಯಮ್ಮಿ," ಎನ್ನುತ್ತಿದ್ದಳು ದೇವೀರಮ್ಮ. "ತೇವ ಕುಡುದ್ರೆ ಬೂದಿ ಕಬ್ಬಿಣ ತಿಂತದೆ."

ನಿಜ. ಹೊಳೆಯ ಮಂಜಿಗೆ ಟಾರ್ಪಾಲು ಲೆಕ್ಕವಿಲ್ಲ. ಬೂದಿ ತೇವ ಹೀರಿ ನನ್ನ ತಳವನ್ನು ನಿಧಾನವಾಗಿ ಮೇಯತೊಡಗಿತು. ಬೆಂಕಿಗಿಂತ ತಣ್ಣಗಿನ ಬೂದಿ ಹೆಚ್ಚು ಸುಡುತ್ತದೆಂದು ಆಗ ಗೊತ್ತಾಯಿತು. ಅವಳಿಗೆ ಹೇಳಲು ನನಗೆ ಬಾಯಿಲ್ಲ.

ಒಂದು ದಿನ ಗುಜರಿಯವನು ಸೈಕಲ್ ನಿಲ್ಲಿಸಿದ. "ಬೂದಿ ಸುರುದ್ಬುಟ್ಟು ಕೊಡಿ ಅವ್ವ, ತೂಕ್ಕೆ ಹಾಕ್ಕತೀನಿ," ಎಂದ. ದೇವೀರಮ್ಮ ಟಾರ್ಪಾಲು ಬಿಚ್ಚಿ ಚಿಪ್ಪು ಕೈಗೆತ್ತಿಕೊಂಡಳು.

"ಮುಟ್ಬೇಡಿ!"

ಜಯಶೀಲಳ ದನಿಯನ್ನು ಎಷ್ಟೋ ತಿಂಗಳ ಮೇಲೆ ಕೇಳಿದೆ. ಗುಜರಿಯವನು ಹೆದರಿ ಸೈಕಲ್ ತಿರುಗಿಸಿದ. ದೇವೀರಮ್ಮ ಚಿಪ್ಪನ್ನು ಇದ್ದಲ್ಲೇ ಇಟ್ಟಳು.

"ನನಗೂ ಮಗನೇ ಕಣಮ್ಮಿ ಅವನು," ಎಂದಳು. ಬುಟ್ಟಿ ಹೊತ್ತು ಹೋದಳು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಹೇಂಟೆ ನನ್ನ ಕೆಳಗೆ ಬಂದು ಮಗ್ಗುಲಾಗಿ ಬಿದ್ದು, ರೆಕ್ಕೆ ಕೆದರಿ ಬೂದಿಯ ಸ್ನಾನ ಮಾಡತೊಡಗಿತು. ಬೂದಿ ಎಲ್ಲಿಂದ ಬಂತೆಂದರೆ ನನ್ನಿಂದ. ತಳ ತೂತಾಗಿತ್ತು. ಒಣಗಿದ ಬೂದಿ ಸಣ್ಣ ಧಾರೆಯಾಗಿ ಇಳಿದು ನೆಲದ ಮೇಲೆ ಗುಡ್ಡೆಯಾಗಿತ್ತು.

ಜಯಶೀಲ ಓಡಿ ಬಂದು ಕೋಳಿಯನ್ನು ಅಟ್ಟಿದಳು. ಮಂಡಿಯೂರಿ ತೂತಿನ ಕೆಳಗೆ ಅಂಗೈ ಹಿಡಿದಳು. ಅಂಗೈ ತುಂಬಿತು, ಬೆರಳ ಸಂದಿಯಿಂದ ಸೋರಿತು. ಇನ್ನೊಂದು ಕೈ ಹಿಡಿದಳು. ಅದೂ ಸೋರಿತು. 

ಆಮೇಲೆ ಎದ್ದಳು. ಟಾರ್ಪಾಲು ಬಿಚ್ಚಿದಳು. ಕೈಯ ಹಿಂಬದಿಯನ್ನು ಬೂದಿಯ ಮೇಲೆ ಹಿಡಿದಳು. ಚಿಪ್ಪು ತೆಗೆದುಕೊಂಡಳು.

ಹೆಪ್ಪುಗಟ್ಟಿದ್ದನ್ನು ಬೆರಳಲ್ಲಿ ಪುಡಿ ಮಾಡಿ ತೋಡಿದಳು. ಮೊರದಲ್ಲಿ ಕೇರಿದಳು. ಅರ್ಧ ಉರಿದ ಇದ್ದಿಲು ಒಂದು ಹಿಡಿ ಸಿಕ್ಕಿತು. ಎರಡು ಬೆರಳಿನಷ್ಟು ಉಳಿದಾಗ ಅವಳ ಕೈ ತಾನಾಗಿ ನಿಂತಿತು. ಹಿಂದೆ ದೇವೀರಮ್ಮ ಬಕೀಟು ಹಿಡಿದು ನಿಂತಿದ್ದಳು. ಯಾವಾಗ ಬಂದಳೋ.

"ಅದ್ನೂ ತಗಿ ಮಗ," ಎಂದಳು. "ಇನ್ನು ಅದ್ರ ಮೇಲೆ ಮಲಗೋ ಕೆಂಡ ಇಲ್ಲ."

ಜಯಶೀಲ ಅದನ್ನೂ ತೆಗೆದಳು. ಕುಡಿಕೆ ತುಂಬಿತು.

ದೇವೀರಮ್ಮ ಬಕೀಟನ್ನು ಕಲ್ಲಿನ ಮೇಲೆ ಬಗ್ಗಿಸಿದಳು. ಮೊಳದುದ್ದದ ಕೊರವ ಬಿದ್ದು ಹೊರಳಿತು. "ನನ್ ಕೈಲಿ ಶಕ್ತಿ ಇಲ್ಲ. ನೀನು ಹಿಡಿ, ನಾನು ಕುಯ್ತೀನಿ."

ಜಯಶೀಲ ಕುಡಿಕೆಗೆ ಎರಡೂ ಕೈ ಅದ್ದಿದಳು. ಮಣಿಕಟ್ಟಿನವರೆಗೆ ಬೆಳ್ಳಗಾದವು. ಮೀನಿನ ಕಿವಿರಿನ ಹಿಂದೆ ಹಿಡಿದಳು. ಅದು ಕೊಸರಿತು, ಬಾಲದಿಂದ ಅವಳ ಮುಖಕ್ಕೆ ಹೊಡೆಯಿತು.

"ಬುಡ್ಬ್ಯಾಡ."

"ಬುಡಕಿಲ್ಲ ಅತ್ತೆ."

ಬಿಡಲಿಲ್ಲ. ಬಿಡದೆ ಹಿಡಿದುಕೊಂಡೇ ಮೊದಲ ಸಲ ಅತ್ತಳು. ದೇವೀರಮ್ಮ ಕತ್ತಿ ಹಿಡಿದು ತಲೆ ಬಗ್ಗಿಸಿ ಕಾದಳು.

ಈಗ ಅಂಗಡಿ ನಡೆಯುತ್ತಿದೆ. ಇಲಿಯಾಸ್ ಸಾಬರೇ ಮಾಡಿಕೊಟ್ಟ ಹೊಸ ಒಲೆ ನನ್ನ ಜಾಗದಲ್ಲಿದೆ. ಮೊದಲ ದಿನ ಅದನ್ನು ಹೊತ್ತಿಸಿದ್ದು ನನ್ನೊಳಗೆ ಸಿಕ್ಕಿದ ಆ ಒಂದು ಹಿಡಿ ಇದ್ದಿಲಿನಿಂದ. ಬೇಗ ಹತ್ತಿಕೊಂಡಿತು. ಮೀನು ಹಿಡಿಯುವವಳು ಜಯಶೀಲ. ಅವಳ ಕೈಯಿಂದ ಜಾರಿದ್ದನ್ನು ನಾನು ಮತ್ತೆ ನೋಡಿಲ್ಲ.

ನಾನು ಹಿತ್ತಿಲ ಸೂರಿನ ಕೆಳಗಿದ್ದೇನೆ. ತೂತಿನ ಮೇಲೆ ತಗಡು ಹಾಸಿ, ಹೊಸ ಒಲೆಯ ಬೂದಿಯನ್ನು ನನ್ನಲ್ಲಿ ತುಂಬಿಡುತ್ತಾರೆ. ಬಿಸಿಲಿದ್ದ ದಿನ ಕಬ್ಬಿಣ ಕಾಯುತ್ತದೆ, ಅಷ್ಟೇ. ಕೆಂಡ ನನ್ನ ಹತ್ತಿರ ಬರುವುದಿಲ್ಲ.

ಬೆಳಿಗ್ಗೆ ಜಯಶೀಲ ಕುಡಿಕೆ ಹಿಡಿದು ಬರುತ್ತಾಳೆ. ನನ್ನಲ್ಲಿರುವುದು ಅವಳೇ ನೋಡಿ, ಅವಳೇ ತಣಿಸಿ ತಂದು ಸುರಿದ ಬೂದಿ. ಆದರೂ ಕೈ ಹಾಕುವ ಮೊದಲು ಒಂದು ಗಳಿಗೆ ಕೈಯ ಹಿಂಬದಿಯನ್ನು ನನ್ನ ಮೇಲೆ ಹಿಡಿಯುತ್ತಾಳೆ. ಕೆಂಡ ನೋಡ್ಕತಿರು ಎಂದು ಅವನು ಹೇಳಿ ಹೋಗಿದ್ದಾನೆ. ಅವಳು ನೋಡುತ್ತಾಳೆ.