ಎಡಗೈಯ ಕತ್ತರಿ

ಮೇಜಿನ ಮೇಲಿನ ಬಿಸಿಲಿನ ಪಟ್ಟಿ ನನ್ನ ಮೊಣಕೈವರೆಗೂ ಬಂದುಬಿಟ್ಟಿತು, ಅಂಚು ಎಷ್ಟು ನೆಟ್ಟಗಿದೆ ಅಂದರೆ ದರ್ಜಿಯ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗಿದೆ, ಕೈ ತುರಿಸುತ್ತದೆ, ನೆಟ್ಟಗಿನ ಗೆರೆ ಕಂಡರೆ ನನಗೆ ಕತ್ತರಿ ಹಿಡಿಯಬೇಕು ಅನ್ನಿಸುತ್ತದೆ, ಅದಕ್ಕೇ ಅಕ್ಕ ಅನ್ನುವುದು, ನಿನ್ನ ಮುಂದೆ ಪಟ್ಟೆ ಬಟ್ಟೆ ಹಾಕ್ಕೊಂಡು ಕೂರೋಕೂ ಭಯ ಕಣೇ – ಅಗೋ, ಗುಮಾಸ್ತ ಮತ್ತೆ ಸೀನಿದ, ಈ ದಾಖಲೆ ಕಚೇರಿಯಲ್ಲಿ ಪೆನ್ನು ತರಬಾರದು, ನೀರು ಕುಡಿಯಬಾರದು, ಗಟ್ಟಿಯಾಗಿ ಮಾತಾಡಬಾರದು, ಆದರೆ ಇವನು ಅಷ್ಟು ಹಳೆಯ ಕಾಗದಗಳ ಮೇಲೆ ಧಾರಾಳವಾಗಿ ಸೀನಬಹುದು, ಸರ್ಕಾರಿ ಸೀನು – ನಾನು ಬಂದದ್ದು ಒಂದೇ ಒಂದು ಇಸವಿಗೆ, ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಳಿಸುತ್ತಿದ್ದೇವೆ, ಪೇಂಟರ್ ಸ್ಥಾಪನೆ ಅಂತ ಬರೆದು ಮುಂದೆ ಜಾಗ ಬಿಟ್ಟು ಏಣಿಯ ಮೇಲೇ ಕೂತಿದ್ದಾನೆ, ಇಸವಿ ಹೇಳಿ ಮೇಡಂ, ಬಣ್ಣ ಒಣಗ್ತಿದೆ, ಅಕ್ಕ ಅಂದಳು ಯಾವುದೋ ಒಂದು ಹಾಕಿಸು, ಯಾರು ಬಂದು ಎಣಿಸ್ತಾರೆ, ನಾನು ಒಪ್ಪಲಿಲ್ಲ, ತಾತನ ವಿಷಯದಲ್ಲಿ ಯಾವುದೋ ಒಂದು ಅನ್ನುವುದೇ ಇಲ್ಲ, ಅವನು ಹಡಗು ಹತ್ತಿ ಬಂದು ಈ ಬಂದರಿನಲ್ಲಿ ಇಳಿದು ಮೊದಲ ಹೊಲಿಗೆ ಯಂತ್ರ ಇಟ್ಟ ವರ್ಷ ಯಾವುದು, ನಾನೇ ಹುಡುಕಿ ತರುತ್ತೇನೆ, ಅವನನ್ನು ನನ್ನಷ್ಟು ಬಲ್ಲವರು ಯಾರಿದ್ದಾರೆ ಅಂತ ಎದೆಯುಬ್ಬಿಸಿಕೊಂಡು ಹೊರಟು ಬಂದೆ, ದೊಡ್ಡ ಬಲ್ಲವಳು.

ಇಸವಿ ಸಿಕ್ಕಿತು, ಬೇಗನೇ ಸಿಕ್ಕಿತು, ಅಲ್ಲಿಗೇ ಎದ್ದು ಹೋಗಿದ್ದರೆ ಈ ಹೊತ್ತಿಗೆ ಪೇಂಟರ್ ಇಳಿದು ಟೀ ಕುಡಿಯುತ್ತಿದ್ದ, ನಾನು ಅಕ್ಕನ ಮುಂದೆ ಜಂಬ ಕೊಚ್ಚುತ್ತಿದ್ದೆ, ಆದರೆ ಗುಮಾಸ್ತ ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಹಾಳೆ ತಂದಿಟ್ಟ, ಇದೂ ಅವರದ್ದೇ ನೋಡಿ ಮೇಡಂ, ಸುಂಕದ ಕಟ್ಟೆಯಲ್ಲಿ ಸಾಮಾನು ಬರೆಸಿದ್ದು, ನನಗೆ ಖುಷಿಯೋ ಖುಷಿ, ತಾತನ ಪೆಟ್ಟಿಗೆಯನ್ನೇ ಬಿಚ್ಚಿ ನನ್ನ ಮುಂದೆ ಹರಡಿದ ಹಾಗೆ, ಅಂಗಿ, ಕಂಬಳಿ, ಇಸ್ತ್ರಿಪೆಟ್ಟಿಗೆ, ಅಳತೆ ಟೇಪು, ಇಸ್ತ್ರಿಪೆಟ್ಟಿಗೆ ಈಗಲೂ ನಮ್ಮ ಅಂಗಡಿಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಿ ಕೂತಿದೆ, ಕತ್ತರಿ ಎರಡು, ದೊಡ್ಡದು ಒಂದು, ಚಿಕ್ಕದು ಒಂದು, ಚಿಕ್ಕದು ಕೆಟ್ಟಿದೆ, ಬಟ್ಟೆ ಕತ್ತರಿಸುವುದಿಲ್ಲ, ಸುಂಕ ಬೇಡ – ನಗು ಬಂತು, ನಿಜವಾಗಿ ನಕ್ಕೆ, ಗುಮಾಸ್ತ ತಿರುಗಿ ನೋಡಿದ, ಕೆಟ್ಟ ಕತ್ತರಿಯನ್ನು ಹಡಗಿನಲ್ಲಿ ಹೊತ್ತು ತರುವ ದರ್ಜಿ ಯಾರಪ್ಪಾ, ಅದೂ ನಮ್ಮ ತಾತ, ಮುಕ್ಕಾದ ಗುಂಡಿಯನ್ನೂ ಡಬ್ಬಿಯಲ್ಲಿ ಇಟ್ಟುಕೊಳ್ಳದವನು, ಆಮೇಲೆ ನಗು ಅರ್ಧಕ್ಕೇ ನಿಂತಿತು, ಸುಂಕದವನು ಕತ್ತರಿಯನ್ನು ಬಲಗೈಯಲ್ಲಿ ಹಿಡಿದಿರಬೇಕು, ಯಾವುದೋ ಬಟ್ಟೆಯ ಅಂಚಿಗೆ ಇಟ್ಟು ಒತ್ತಿರಬೇಕು, ಬಟ್ಟೆ ಎರಡು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಬಿದ್ದಿರಬೇಕು, ಅಕ್ಕನಿಗೂ ಹಾಗೇ ಆಗಿತ್ತು, ಚಿಕ್ಕವರಿದ್ದಾಗ ನನ್ನ ಕತ್ತರಿಯನ್ನು ಕದ್ದು ತೆಗೆದು ಒತ್ತಿ ನೋಡಿ ಅಯ್ಯೋ ಇದು ಕತ್ತರಿಸೋದೇ ಇಲ್ಲ ಅಂತ ಎಸೆದಿದ್ದಳು, ನಾನು ಎತ್ತಿಕೊಂಡು ಎಡಗೈಗೆ ಹಾಕಿ ಚಕಚಕ ಚಕಚಕ ಅಂತ ಅವಳ ಮೂಗಿನ ಮುಂದೆಯೇ ಆಡಿಸಿದ್ದೆ, ಕೆಟ್ಟಿಲ್ಲ ಕಣೇ, ಇದು ಎಡಗೈಯವರದ್ದು, ನನ್ನದು, ತಾತ ನನಗೇ ಅಂತ ಮಾಡಿಸಿದ್ದು.

ನನಗೇ ಅಂತ, ನಾನು ಹುಟ್ಟುವ ಎಷ್ಟೋ ಮೊದಲೇ ಹಡಗಿನಲ್ಲಿ ಬಂದ ಕತ್ತರಿ. ಆ ಒಂದು ಮಾತಿನ ಮೇಲೆ ನಾನು ಈ ವಯಸ್ಸಿನವರೆಗೂ ಕೂತಿದ್ದೇನೆ, ಕಟಿಂಗ್ ಮೇಜು ನನ್ನದು, ಗಲ್ಲಾ ಅಕ್ಕನದು, ಯಾಕೆ ಅಂದರೆ ತಾತ ಕೈಹಿಡಿದು ಕಲಿಸಿದ್ದು ನನಗೆ, ಎಡಚಿ, ಎಡಚಿ, ಅಂತ ಊರೆಲ್ಲ ಆಡಿಕೊಳ್ಳುತ್ತಿದ್ದಾಗ, ಸ್ಕೂಲಿನಲ್ಲಿ ಟೀಚರು ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದಾಗ, ತಾತ ಒಬ್ಬನೇ ನನ್ನ ಎಡಗೈ ಎತ್ತಿ ಬೆಳಕಿಗೆ ಹಿಡಿದು ನೋಡಿ ಎಂಥಾ ಕೈ ಅಂದವನು, ಹಬ್ಬಕ್ಕೆ ಬಟ್ಟೆ ಹೊಲಿಯುವಾಗ ಅಕ್ಕನಿಗೆ ಸೊಂಟ ತೋಳು ಅಂತ ಅಳೆದರೆ ನನಗೆ ಕೊನೆಯಲ್ಲಿ ಹೆಬ್ಬೆರಳನ್ನೂ ಅಳೆಯುತ್ತಿದ್ದ, ಟೇಪನ್ನು ಬೆರಳಿಗೆ ಒಂದು ಸುತ್ತು ಸುತ್ತಿ, ಇನ್ನೂ ಇಲ್ಲ, ಅನ್ನುತ್ತಿದ್ದ, ಮುಂದಿನ ವರ್ಷ ಮತ್ತೆ, ಇನ್ನೂ ಇಲ್ಲ, ಆರು ತುಂಬಿದ ವರ್ಷ ಏನೂ ಅನ್ನದೆ ಒಳಗೆ ಹೋಗಿ ಕತ್ತರಿ ತಂದು ಕೊಟ್ಟ, ಅಳತೆಗೆ ತಕ್ಕ ಹಾಗೆ ಮಾಡಿಸುತ್ತಿದ್ದಾನೆ ಅಂದುಕೊಂಡಿದ್ದೆ ನಾನು, ಹುಚ್ಚಿ, ಅವನು ಮಾಡಿಸುತ್ತಿರಲಿಲ್ಲ, ಕಾಯುತ್ತಿದ್ದ, ಯಾವುದೋ ಬೆರಳಿನ ಅಳತೆಗೆ ನನ್ನ ಬೆರಳು ಬರಲಿ ಅಂತ ಕಾಯುತ್ತಿದ್ದ, ಇಟ್ಕೋ, ಇನ್ನು ಮೇಲೆ ಇದು ನಿಂದು ಅಂದ, ನಿನಗೆ ಮಾಡಿಸಿದ್ದು ಅಂತ ಅವನು ಯಾವತ್ತಾದರೂ ಅಂದನೇ, ಇಲ್ಲ, ಇಲ್ಲವೇ ಇಲ್ಲ, ಅದು ನಾನು ಹೊಲಿದುಕೊಂಡದ್ದು, ಅಕ್ಕನ ಹೊಟ್ಟೆ ಉರಿಸಲಿಕ್ಕೆ.

ಮೇಡಂ, ಇದರ ಹಿಂದೆ ಇನ್ನೊಂದಿದೆ, ಪಿನ್ನು ತುಕ್ಕು ಹಿಡಿದಿದೆ, ನಿಧಾನ. ಗೊತ್ತು ಕಣಯ್ಯಾ, ಏನಿದೆ ಅಂತ ನನಗೆ ಗೊತ್ತು, ಓದಬೇಕಾಗಿಲ್ಲ, ಆದರೂ ಓದಿದೆ, ಮದುವೆ ಆಗಿದೆ, ಹೆಂಡತಿ ಊರಿನಲ್ಲಿ, ಮಗಳು ಒಬ್ಬಳು, ವಯಸ್ಸು ಆರು, ಜೊತೆಗೆ ಬಂದಿಲ್ಲ. ತಾತನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಒಂಟಿಯಾಗಿ ಬಂದ, ಇಲ್ಲಿ ಅಜ್ಜಿಯನ್ನು ಕಟ್ಟಿಕೊಂಡ, ಅಪ್ಪ ಹುಟ್ಟಿದ, ಅಪ್ಪನಿಗೆ ನಾವು, ಅಜ್ಜಿ ಸಾಯುವವರೆಗೂ ಅದನ್ನೇ ಹೇಳುತ್ತಿದ್ದಳು, ಪಾಪ, ನನ್ನನ್ನ ಬಿಟ್ರೆ ಯಾರಿದ್ದಾರೆ ಆ ಮನುಷ್ಯನಿಗೆ, ಈಗ ನನಗೆ ಅಜ್ಜಿಯ ಪರವಾಗಿ ಸಿಟ್ಟು ಬರಬೇಕು, ಬರುತ್ತಿಲ್ಲ, ಆ ಹೆಂಡತಿ ಯಾರೋ, ಹೇಗಿದ್ದಳೋ, ಇದ್ದುಕೊಳ್ಳಲಿ, ಅಜ್ಜಿಯ ಪಾಲಿನ ಉರಿ ಅಜ್ಜಿಯೇ ಉರಿದುಕೊಳ್ಳಲಿ, ನನ್ನ ಹೊಟ್ಟೆಗೆ ಕಿಚ್ಚು ಬಿದ್ದಿರುವುದು ಆ ಆರು ವರ್ಷದವಳ ಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಈ ಬಿಳಿ ಕೂದಲು ಇಟ್ಟುಕೊಂಡು ಒಂದು ಮಗುವಿನ ಮೇಲೆ ಹಲ್ಲು ಕಡಿಯುತ್ತಿದ್ದೇನೆ, ಅವಳ ಎಡಗೈಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿದ್ದಾನೆ, ಎಂಥಾ ಕೈ ಅಂದಿದ್ದಾನೆ, ನನ್ನ ಬೆನ್ನ ಹಿಂದೆ ನಿಂತು ಮಣಿಕಟ್ಟು ಹಿಡಿದು ಬಟ್ಟೆಯೊಳಗೆ ಕತ್ತರಿ ನಡೆಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದನಲ್ಲ, ಕಣ್ಣು ಮುಚ್ಚಿಯೇ ನೇರ ಕತ್ತರಿಸ್ತೀನಿ ನೋಡು ಮಗಳೇ ಅನ್ನುತ್ತಿದ್ದನಲ್ಲ, ಅಕ್ಕನಿಗೆ ಏ ಹುಡುಗಿ, ನನಗೆ ಮಗಳೇ, ಅಕ್ಕ ಅದಕ್ಕೂ ಅತ್ತಿದ್ದಳು, ಕಣ್ಣು ಮುಚ್ಚಿಕೊಂಡು ಅವನು ಯಾರ ಮಣಿಕಟ್ಟು ಹಿಡಿದಿದ್ದ, ಯಾರನ್ನು ಕರೆದ, ನಾನು ಅಲ್ಲಿ ಇದ್ದೆನೇ, ನನ್ನ ಕೈ ಮಾತ್ರ ಇತ್ತೇ, ಈಗ ಕೂತು ಉರಿಯುವ ಸರದಿ ನನ್ನದು, ಅಕ್ಕನಿಗೆ ಗೊತ್ತಾದರೆ ಗಲ್ಲಾದಿಂದ ಎದ್ದು ಕುಣಿಯುತ್ತಾಳೆ.

ಅಷ್ಟೇ ಅಲ್ಲ, ಕತ್ತರಿಯ ಬಳೆಗೆ, ಹೆಬ್ಬೆರಳು ತೂರಿಸುವ ಬಳೆಗೆ, ಬಟ್ಟೆ ಸುತ್ತಿತ್ತು, ಯಾಕೆ ಈಗ ನೆನಪಾಗಬೇಕು, ಒಂದು ಕಿರುಬೆರಳಗಲದ ಪಟ್ಟಿ, ಮಾಸಿ ಹೋದ ನೀಲಿ, ಅದರ ಮೇಲೆ ಹೂವೋ ಚುಕ್ಕಿಯೋ, ಬೆರಳು ಒತ್ತದ ಹಾಗೆ ಯಾರೋ ಒತ್ತಾಗಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ್ದರು, ಜಿಡ್ಡು ಜಿಡ್ಡಾಗಿತ್ತು, ನನ್ನದಾದ ವಾರದಲ್ಲೇ ನಾನು ಅದನ್ನು ಬಿಚ್ಚಿ ಮೇಜಿನ ಕೆಳಗಿನ ಚಿಂದಿಯೊಳಗೆ ಎಸೆದು ಕೆಂಪು ರಿಬ್ಬನ್ ಸುತ್ತಿಕೊಂಡೆ, ತಾತಾ ನೋಡು ಅಂತ ಕುಣಿಯುತ್ತಾ ತೋರಿಸಿದೆ, ಅವನು ಚೆನ್ನಾಗಿದೆ ಅಂದ, ನಕ್ಕ ಕೂಡ, ಆಮೇಲೆ ಮೊಣಕಾಲು ಊರಿದ, ಮಂಡಿನೋವಿನ ಮನುಷ್ಯ, ಬಿದ್ದ ಸೂಜಿಯನ್ನೂ ನಮ್ಮ ಕೈಯಲ್ಲೇ ಎತ್ತಿಸುತ್ತಿದ್ದವನು, ನೆಲಕ್ಕೆ ಮೊಣಕಾಲು ಊರಿ ಚಿಂದಿಯೊಳಗೆ ಕೈ ಹಾಕಿದ, ಏನ್ ಹುಡುಕ್ತಿದ್ದೀಯ ತಾತಾ, ಏನಿಲ್ಲ, ಆಡ್ಕೋ ಹೋಗು, ನಾನು ಹೋಗಲಿಲ್ಲ, ಚಕಚಕ ಅಂತ ಕತ್ತರಿ ಆಡಿಸುತ್ತಾ ಅಲ್ಲೇ ನಿಂತಿದ್ದೆ, ಅವನು ಒಂದೊಂದೇ ಚೂರು ಎತ್ತಿ ನೋಡಿ ಪಕ್ಕಕ್ಕಿಡುತ್ತಿದ್ದ, ಗುಂಡುಪಿನ್ನು ಬಿದ್ದಿದೆಯೇನೋ ಅಂದುಕೊಂಡಿದ್ದೆ, ಇಷ್ಟು ವರ್ಷ ಗುಂಡುಪಿನ್ನೇ ಅಂದುಕೊಂಡಿದ್ದೆ.

ಹಾಳೆ ಮುಚ್ಚೋಣ, ಸಾಕು, ಇಸವಿ ಬರೆದುಕೊಂಡಾಯಿತು, ಪೇಂಟರ್ ಕಾಯುತ್ತಿದ್ದಾನೆ, ಯಾರಿಗೂ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಕ್ಕ ಸುಂಕದ ಹಾಳೆ ಓದಿದರೂ ಕೆಟ್ಟ ಕತ್ತರಿ ಅಂತ ಓದಿಕೊಂಡು ಮುಂದೆ ಹೋಗುತ್ತಾಳೆ, ಈ ಗುಟ್ಟು ನನ್ನ ಎಡಗೈಗೆ ಮಾತ್ರ ಗೊತ್ತು – ಆಗಲೇ ಗುಮಾಸ್ತ ಕುರ್ಚಿ ಎಳೆದುಕೊಂಡು ಹತ್ತಿರ ಕೂತ, ಶೀತದ ದನಿ, ಮೇಡಂ, ಹೇಳಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ, ಹೋದ ವರ್ಷ ಇವರನ್ನೇ ಕೇಳ್ಕೊಂಡು ಆ ಕಡೆಯಿಂದ ಬರೆದಿದ್ರು, ಇಲ್ಲಿ ಅವರ ಮನೆಯವರು ಯಾರು, ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ ನಮಗೆ, ಗೊತ್ತಿದ್ರೂ ಮನೆಯವರು ಒಪ್ಪದೆ ನಾವು ಏನೂ ಕೊಡೋ ಹಾಗಿಲ್ಲ, ಯಾರು ಬರೆದಿದ್ದು ಅಂತ ಕೇಳಿದೆ, ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು, ಒಬ್ಬ ಹುಡುಗ, ಅವನ ಅಜ್ಜಿಗೋಸ್ಕರ, ಆ ಅಜ್ಜಿ ಇವರ ಮಗಳಂತೆ, ಎಂಬತ್ತು ದಾಟಿದೆಯಂತೆ, ಇನ್ನೂ ಹುಷಾರಾಗಿದ್ದಾರಂತೆ, ಬದುಕಿದ್ದಾಳೆ, ಬದುಕಿದ್ದಾಳೆ ಮುದುಕಿ, ನಾನು ಇಷ್ಟು ಹೊತ್ತು ಒಂದು ಕಾಗದದ ಮಗುವಿನ ಮೇಲೆ ಉರಿಯುತ್ತಿದ್ದೆ, ಈಗ ಅದಕ್ಕೆ ಉಸಿರು ಬಂತು, ಸುಕ್ಕು ಬಂತು, ಮೊಮ್ಮಗ ಬಂದ, ಆಸ್ತಿ ಕೇಳ್ತಾರಾ ಅಂದೆ, ಛೆ ಇಲ್ಲ ಮೇಡಂ, ಒಂದೇ ಒಂದು ಮಾತು ಕೇಳಿದ್ದಾರೆ, ಅಪ್ಪನ ಕೊನೆಗಾಲದಲ್ಲಿ ಜೊತೆಗೆ ಯಾರಾದ್ರೂ ಇದ್ರಾ ಅಂತ.

ಇದ್ದೆ, ನಾನಿದ್ದೆ, ಮತ್ಯಾರು, ಗಂಜಿ ಕುಡಿಸಿದ್ದು ನಾನು, ಮಗ್ಗುಲು ತಿರುಗಿಸಿದ್ದು ನಾನು, ಉಗುರು ಕತ್ತರಿಸಿದ್ದು ನಾನು, ಅದೇ ಕತ್ತರಿಯಲ್ಲಿ, ಬರೀರಿ, ಈಗಲೇ ಬರೀರಿ, ಇದ್ದಳು ಒಬ್ಬಳು, ರಾತ್ರಿಯೆಲ್ಲಾ ಕೂತಿದ್ದಳು, ಓದಲಿ ಅವಳು, ಓದಿ ಉರಿಯಲಿ, ಆರು ವರ್ಷ ನಿನಗೆ ಸಿಕ್ಕಿದ, ಮಿಕ್ಕಿದ್ದೆಲ್ಲ ನನಗೆ ಸಿಕ್ಕಿದ, ಲೆಕ್ಕ ಹಾಕಿಕೋ ಮುದುಕಿ – ಆದರೆ ಬರೆದರೆ ಬರುತ್ತಾಳೆ, ತಾನು ಬರಲಾಗದಿದ್ದರೂ ಕಾಗದ ಹಾಕಿ ಕೇಳುತ್ತಾಳೆ, ಅಪ್ಪನ ಹತ್ತಿರ ಒಂದು ಚಿಕ್ಕ ಕತ್ತರಿ ಇತ್ತಾ, ನನ್ನದು ಅದು, ಹೋಗೋ ದಿನ ನನ್ನ ಕೈಯಿಂದ ತಗೊಂಡು ಹೋಗಿದ್ದು, ಆಗ ಏನು ಹೇಳಲಿ, ಇಲ್ಲಮ್ಮ ಕಳೆದುಹೋಯಿತು ಅನ್ನಲೇ, ಕೆಟ್ಟಿತ್ತು ಬಿಸಾಕಿದೆವು ಅನ್ನಲೇ, ಅಥವಾ ಕಾಗದದಲ್ಲಿ ಸುತ್ತಿ ಕಳಿಸಲೇ, ಕಳಿಸಿದರೆ ನನಗೆ ಏನು ಉಳಿಯಿತು, ಗಲ್ಲಾ ಅಕ್ಕನದು, ಕತ್ತರಿ ಇವಳದು, ನಾನು ಯಾರು ತಾತಾ ನಿನಗೆ, ಹೆಬ್ಬೆರಳೇ. ಮೇಡಂ, ನಿಮ್ಮ ಫೋನ್ ನಂಬರ್ ಕೊಡಬಹುದಾ ಅವರಿಗೆ, ಬೇಡ ಅಂದ್ರೆ ಬೇಡ, ಬಲವಂತ ಇಲ್ಲ ಅಂದ ಗುಮಾಸ್ತ, ಬೇಡ ಅಂದುಬಿಡು, ಎರಡು ಅಕ್ಷರ, ಕಡ್ಡಿ ಮುರಿದ ಹಾಗೆ ಅಂದುಬಿಡು, ಮುದುಕಿ ಇನ್ನೆಷ್ಟು ದಿನ ಇರುತ್ತಾಳೆ, ಆಮೇಲೆ ತಾತ ಪೂರ್ತಿ ನನ್ನವನು, ಬಾಯಿ ತೆರೆದೆ, ಬೇಡ ಅನ್ನಲಿಕ್ಕೇ ತೆರೆದದ್ದು, ತೆರೆದರೆ ಮೇಜಿನ ಕೆಳಗೆ ತಾತ ಮೊಣಕಾಲು ಊರಿದ್ದಾನೆ, ಎದ್ದೇಳು, ನಿನ್ನ ಮಂಡಿ, ಎದ್ದೇಳು ತಾತಾ, ಚೂರುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾನೆ, ಇದಲ್ಲ, ಇದೂ ಅಲ್ಲ, ಏನೇ ಆದರೂ ನನ್ನ ಕಡೆ ಒಂದು ಸಲ ನೋಡು, ಕೆಂಪು ರಿಬ್ಬನ್ ಸುತ್ತಿದ್ದೇನೆ ನೋಡು, ಗುಮಾಸ್ತ ಪೆನ್ಸಿಲ್ ಹಿಡಿದು ಕಾಯುತ್ತಿದ್ದಾನೆ, ಮೇಡಂ ಅಂದ, ಕೊಡಿ ಅಂದೆ, ನಾನೇ ಅಂದೆನೇ, ಕೊಡಿ, ಬರ್ಕೊಳ್ಳಿ ಅಂದೆ, ನಂಬರು ಹೇಳುತ್ತಿದ್ದೇನೆ, ಬಾಯಿ ತಾನಾಗಿ ಹೇಳುತ್ತಿದೆ, ಬರಲಿ ಅವಳು, ಬಂದು ಕೇಳಲಿ, ನಾನೂ ಕೇಳುವುದಿದೆ, ಅಲ್ಲಿ ತಾತನ ಕೈಗೆ ನೀಲಿ ಪಟ್ಟಿ ಸಿಕ್ಕಿತು, ಧೂಳು ಊದಿದ, ಮೊಣಕಾಲಿನ ಮೇಲೆ ಹಾಸಿಕೊಂಡ, ಹೆಬ್ಬೆರಳಿನಿಂದ ನೀವುತ್ತಿದ್ದಾನೆ, ಸುಕ್ಕು ಬಿಡಿಸುತ್ತಿದ್ದಾನೆ, ತಾತಾ ಅಂದೆ, ನೀವುತ್ತಿದ್ದಾನೆ, ತಾತಾ, ಇಲ್ಲಿ ನೋಡು, ನೀವುತ್ತಲೇ ಇದ್ದಾನೆ, ನನ್ನ ಕಡೆ ತಿರುಗುತ್ತಿಲ್ಲ