ಹಿಂದಿನ ಚಕ್ರ

ಸಾಣೆ ಹಿಡಿಯುವ ಅಜ್ಜಿ ತನ್ನ ಸೈಕಲ್ಲಿಗೆ ಮೋಟರ್ ಕೂರಿಸಲು ಮಗಳೊಂದಿಗೆ ಅಂಗಡಿಗೆ ಬಂದರೆ, ಮಗಳೂ ಅಂಗಡಿಯವನೂ ಸೇರಿ ಹಿಂದಿನ ಚಕ್ರದ ದೊಡ್ಡ ಮೋಟರನ್ನೇ ಹೊಗಳತೊಡಗಿದರು. ಸ್ಟ್ಯಾಂಡು ಹಾಕಿ ತುಳಿದರೆ ಅಜ್ಜಿಯ ಸಾಣೆಕಲ್ಲನ್ನು ತಿರುಗಿಸುತ್ತಿದ್ದದ್ದೂ ಆ ಹಿಂದಿನ ಚಕ್ರವೇ.

"ಏರು ಹತ್ತೋಕೂ ಇದೇ, ಕಲ್ಲು ತಿರುಗಿಸೋಕೂ ಇದೇ. ನೀವು ಕಾಲು ಆಡಿಸೋದೇ ಬೇಡ ಅಜ್ಜಿ," ಎಂದ ಅಂಗಡಿಯವನು.

"ಸುಮ್ನೆ ಹೂಂ ಅನ್ನಮ್ಮ. ಈ ವಯಸ್ಸಲ್ಲಿ ಯಾಕೆ ಹಟ?" ಎಂದಳು ಮಗಳು.

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಮೋಟರಿನ ಪೆಟ್ಟಿಗೆ ಬಿಚ್ಚಲು ಅದರ ಟೇಪಿನ ಮೇಲೆ ಅಂಗಡಿಯವನು ಆಗಿನಿಂದ ಉಜ್ಜುತ್ತಿದ್ದ ಮೊಂಡು ಚಾಕುವನ್ನು ಕಿತ್ತುಕೊಂಡು ಹೊರಗೆ ಹೋದಳು. ಸ್ಟ್ಯಾಂಡು ಹಾಕಿ ಸೀಟಿನ ಮೇಲೆ ಕೂತು, ಚಾಕುವನ್ನು ಕಲ್ಲಿಗೆ ಹಿಡಿದು ಮೊದಲು ಜೋರಾಗಿ ತುಳಿದಳು. ಅಲಗು ಬಿಸಿಯಾದದ್ದು ಬೆರಳಿಗೆ ತಿಳಿದೊಡನೆ ನಿಧಾನಿಸಿದಳು. ಚಾಕುವಿನ ತುದಿ ಬಂದಾಗ ಕಾಲು ಪೆಡಲನ್ನು ಬರೀ ಸವರುತ್ತಿತ್ತು.

"ಎಲ್ಲಿ ನಿಧಾನ ಮಾಡ್ಬೇಕು ಅಂತ ನಿನ್ನ ಮೋಟರಿಗೆ ಗೊತ್ತಾ?" ಎನ್ನುತ್ತ ಒಳಗೆ ಬಂದು ಅಂಗಡಿಯವನಿಗೆ ಚಾಕು ವಾಪಸು ಕೊಟ್ಟಳು. "ಏರು ಹತ್ತೋಕೆ ಮುಂದಿನ ಚಕ್ರಕ್ಕೆ ಚಿಕ್ಕದೊಂದು ಹಾಕು. ಹಿಂದಿನ ಚಕ್ರ ನಂದು."

ಅಂಗಡಿಯವನು ಚಿಕ್ಕ ಮೋಟರಿನ ಪೆಟ್ಟಿಗೆಯನ್ನು ಎಳೆದುಕೊಂಡ. ಚಾಕು ತಾಗಿಸಿದ್ದೇ ತಡ, ಟೇಪು ಸದ್ದಿಲ್ಲದೆ ಎರಡಾಯಿತು.