ಭಾನುವಾರದ ಹೆಂಟೆ

"ಮುದುಕನ ಉಚ್ಚೆ ಬಟ್ಟೆ ಎತ್ತೋಕೆ ನಿಮ್ಮವರು, ಗುಂಡಿ ತೋಡೋಕೆ ನಮ್ಮವರು. ಅವರವರ ಕೆಲಸ ಅವರವರಿಗೆ," ಎಂದ ಡೆಕ್ಲನ್.

ಅಂದದ್ದು ಚರ್ಚಿನ ಗೇಟಿನ ಮುಂದೆ, ಭಾನುವಾರದ ಪೂಜೆ ಮುಗಿಸಿ ನಿಂತಿದ್ದ ಮೂವತ್ತು ನಲವತ್ತು ಜನರೆದುರು. ಕೆಲವರು ನಕ್ಕರು. ಕೆಲವರು ತಮ್ಮ ಬೂಟಿನ ತುದಿ ನೋಡಿಕೊಂಡರು. ಆಕಾಶ್‌ಗೆ ನಕ್ಕವರಿಗಿಂತ ಬೂಟು ನೋಡಿಕೊಂಡವರ ಮೇಲೆ ಹೆಚ್ಚು ಸಿಟ್ಟು ಬಂತು.

ಅವನು ಕೇಳಿದ್ದೇನೂ ದೊಡ್ಡದಲ್ಲ. ಶನಿವಾರ ಬೆಳಗ್ಗೆ ಊರಿನ ಮುದುಕ ಮಾರ್ಟಿ ತೀರಿಕೊಂಡಿದ್ದ. ಮಂಗಳವಾರ ಮಣ್ಣು. ಕಿಲ್‌ಮೊರಾನ್‌ನಲ್ಲಿ ಸತ್ತವರ ಗುಂಡಿಯನ್ನು ಕೂಲಿಯವರು ತೋಡುವುದಿಲ್ಲ. ನೆರೆಹೊರೆಯ ನಾಲ್ವರು ಹಿಂದಿನ ದಿನ ತೋಡುತ್ತಾರೆ. ಯಾರು ಎಂಬುದು ಈ ಗೇಟಿನಲ್ಲೇ ತೀರ್ಮಾನವಾಗುತ್ತದೆ. ಮೂವರ ಹೆಸರು ಆಗಿತ್ತು. "ನಾಲ್ಕನೆಯವನಾಗಿ ನಾನು ಬರ್ತೀನಿ, ಮಾರ್ಟಿನೇ ಹೇಳಿದ್ದ," ಎಂದಿದ್ದ ಆಕಾಶ್. ಅದಕ್ಕೆ ಮಾರ್ಟಿಯ ಅಣ್ಣನ ಮಗ ಡೆಕ್ಲನ್ ಕೊಟ್ಟ ಉತ್ತರ ಅದು.

ಉತ್ತರಕ್ಕೆ ಉತ್ತರ ಆಕಾಶ್‌ನ ಮುಷ್ಟಿಯಲ್ಲಿತ್ತು. ಹದಿನಾರನೇ ವಯಸ್ಸಿನಲ್ಲಿ ಅದೇ ಮುಷ್ಟಿಯಿಂದಲೇ ಅವನ ಸ್ಕೂಲು ಮುಗಿದದ್ದು. ಈಗ ಇಪ್ಪತ್ತೆರಡು. ಮುಷ್ಟಿಯನ್ನು ಜೇಬಿಗೆ ತುರುಕಿಕೊಂಡು ಮನೆಗೆ ನಡೆದ.

ಊರಿನ ಜನಸಂಖ್ಯೆ ಸಾವಿರದ ಮುನ್ನೂರು ಚಿಲ್ಲರೆ. ಮಾಂಸದ ಫ್ಯಾಕ್ಟರಿಗೆ ಬಂದ ಬ್ರೆಜಿಲ್‌ನವರು ನೂರು ಜನ, ಹಳೆಯ ಪಾದ್ರಿ ಮನೆಯಲ್ಲಿ ಯುಕ್ರೇನಿನ ಹೆಂಗಸರು ಮಕ್ಕಳು, ವೃದ್ಧಾಶ್ರಮದ ನರ್ಸುಗಳಲ್ಲಿ ಅರ್ಧ ಕೇರಳದವರು. ಕನ್ನಡದ ಮನೆ ಒಂದೇ: ಆಕಾಶ್ ಮತ್ತು ಅವನ ಅಮ್ಮ ಗೀತಾ. ರಾಜಧಾನಿಯ ಪಕ್ಕದ ಲೂಕನ್ ಕಡೆ ಹೋದರೆ ಬಸ್ಸಿನಲ್ಲೂ ಕನ್ನಡ ಕೇಳಿಸುತ್ತದೆ. ಇಲ್ಲಿ ಅಡುಗೆಮನೆಯಲ್ಲಿ ಮಾತ್ರ.

ಹೊರಗಿನವರು ಬಂದ ಮೇಲೆ ಊರು ಕೆಟ್ಟಿತು ಎಂದು ಪಬ್ಬಿನಲ್ಲಿ ಹೇಳುವವರಿದ್ದರು. ಅದು ಸುಳ್ಳೆಂದು ಆಕಾಶ್‌ಗೆ ಹೇಳಿದವನು ಮಾರ್ಟಿಯೇ. ಸ್ಕೂಲು ಬಿಟ್ಟ ಹುಡುಗನನ್ನು ತನ್ನ ಜೌಗು ನೆಲಕ್ಕೆ ಕರೆದುಕೊಂಡು ಹೋಗಿ, ಒಲೆಗೆ ಉರಿಸುವ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ಯಲು ಕಲಿಸಿದ್ದ. ಮಾರ್ಟಿ ಎಡಗೈಯವ. ಹೀಗಾಗಿ ಬಲಗೈಯ ಆಕಾಶ್ ಕೂಡ ಎಡಗೈಯಲ್ಲೇ ಕಲಿತ.

ಒಂದು ಮಧ್ಯಾಹ್ನ ಅಲ್ಲಿ ಚಹಾ ಕುಡಿಯುತ್ತಾ ಮಾರ್ಟಿ ಹೇಳಿದ್ದ: "ನಿಮಗಿಂತ ಮುಂಚೆ ಇಲ್ಲಿ ಟ್ರಾವೆಲರ್‌ಗಳಿದ್ರು. ಗಾಡಿ ಮನೆಗಳಲ್ಲಿ ಊರೂರು ತಿರುಗೋ ಜನ. ನಮ್ಮ ಹಾಗೇ ಬಿಳಿಯರು, ಇದೇ ಚರ್ಚಿಗೆ ಬರೋರು. ಆದರೂ ನಾವು ಅವರನ್ನ ನಮ್ಮ ಜಾತಿ ಅಂದ್ಕೊಳ್ಳಲಿಲ್ಲ. ಎಂಬತ್ತೆರಡನೇ ಇಸವೀಲಿ ಒಂದು ದಿನ ಊರೆಲ್ಲಾ ಸೇರಿ ಅವರ ಗಾಡಿಗಳಿಗೆ ಬೆಂಕಿ ಇಟ್ವಿ. ಪೆಟ್ರೋಲ್ ಡಬ್ಬ ಹೊತ್ತವನು ನಾನು."

"ಪೊಲೀಸ್ ಬರಲಿಲ್ವಾ?"

"ಬಂದ್ರು. ಯಾರು ಮಾಡಿದ್ದು ಅಂದ್ರು. ಯಾರೂ ಬಾಯಿ ಬಿಡಲಿಲ್ಲ. ಮೂರು ವರ್ಷದ ಹಿಂದೆ ಆ ಖಾಲಿ ಹೋಟೆಲಿಗೆ ನಿರಾಶ್ರಿತರು ಬರ್ತಾರೆ ಅಂತ ಸುದ್ದಿ ಆಯ್ತಲ್ಲ, ಆಗಲೂ ಅದು ತಾನಾಗೇ ಉರಿದುಹೋಯ್ತು. ಈ ಊರಲ್ಲಿ ಯಾರು ಮಾಡಿದ್ದು ಅಂದ್ರೆ ಉತ್ತರ ಸಿಗಲ್ಲ, ಮಗಾ." ಮಗ್ಗಿನ ತಳದ ಚಹಾವನ್ನು ಮಣ್ಣಿಗೆ ಚೆಲ್ಲಿ ಮುಂದುವರಿಸಿದ: "ನನ್ನ ಗುಂಡಿಗೆ ನೀನು ಕೈ ಹಾಕ್ಬೇಕು. ಡಬ್ಬ ಹೊತ್ತವರ ಮಕ್ಕಳೇ ನಾಲ್ಕು ಮೂಲೇಲೂ ನಿಂತ್ರೆ ನಾನು ಮಲಗೋದು ಹೇಗೆ?"

ಮನೆಯಲ್ಲಿ ಅಮ್ಮ ವೃದ್ಧಾಶ್ರಮದ ಡ್ಯೂಟಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಗನ ಮುಖ ನೋಡಿ, "ಏನಾಯ್ತೋ?" ಎಂದಳು.

"ಏನಿಲ್ಲ. ಗ್ರ್ಯಾಂಡ್," ಎಂದ, ಎಲ್ಲ ಸರಿಯಿದೆ ಎನ್ನಲು ಊರವರು ಬಳಸುವ ಮಾತಿನಲ್ಲಿ.

"ನಿನ್ನ ಗ್ರ್ಯಾಂಡ್ ನಂಗೊತ್ತಿಲ್ವಾ? ಬೇಡ ಅಂದ್ರಾ?"

ಆಕಾಶ್ ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿದ.

"ಹೋಗ್ಲಿ ಬಿಡು. ಅವರ ಸಾವು, ಅವರ ಮಣ್ಣು. ನಿಂಗ್ಯಾಕೆ ಇಷ್ಟು ಸಂಕಟ?"

"ಅಪ್ಪಂಗೂ ಮಣ್ಣು ಹಾಕ್ಲಿಲ್ಲ, ಇವನಿಗೂ ಹಾಕೋದು ಬೇಡ್ವಾ?"

ಗೀತಾ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

ಎರಡು ವರ್ಷದ ಹಿಂದೆ ಅಪ್ಪ ತುಮಕೂರಿನಲ್ಲಿ ತೀರಿಕೊಂಡಾಗ ಇಬ್ಬರ ವಾಸದ ಪರವಾನಗಿ ಕಾರ್ಡುಗಳೂ ನವೀಕರಣಕ್ಕೆ ಹೋಗಿದ್ದವು. ಹೊರಟರೆ ವಾಪಸ್ ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಲಿಂಗಾಯತರಲ್ಲಿ ಸುಡುವುದಿಲ್ಲ, ಕೂರಿಸಿ, ವಿಭೂತಿ ಬಿಲ್ವಪತ್ರೆ ತುಂಬಿ, ಮಣ್ಣು ಮಾಡುತ್ತಾರೆ. ಮೊದಲ ಹಿಡಿ ಮಗನದು. ಚಿಕ್ಕಪ್ಪ ವಿಡಿಯೋ ಕಾಲ್ ಹಿಡಿದು ನಿಂತಿದ್ದರು. ಮಣ್ಣು ಹಾಕುವ ಹೊತ್ತಿಗೆ ಯಾರೋ ತಳ್ಳಿ, ಫೋನು ಆಕಾಶಕ್ಕೆ ತಿರುಗಿತು. ಮಣ್ಣು ಬೀಳುವ ಸದ್ದು ಕೇಳಿಸಿತು, ಕಂಡದ್ದು ಬರೀ ಬಿಸಿಲು. ಆ ಸದ್ದಿಗೆ ಅವತ್ತಿನಿಂದ ಆಕಾಶ್‌ನ ಅಂಗೈ ತುರಿಸುತ್ತಿತ್ತು. ಅಲ್ಲಿಯ ಮಣ್ಣಿಗೆ ಅವನು ತಡವಾಗಿದ್ದ. ಇಲ್ಲಿಯ ಮಣ್ಣು ಅವನನ್ನು ಕೇಳಿತ್ತು, ಬಾಯಿಬಿಟ್ಟು ಹೆಸರು ಹಿಡಿದು ಕೇಳಿತ್ತು. ಈಗ ಅದಕ್ಕೂ ಬಾಗಿಲು ಹಾಕಿದ್ದರು.

ಸಂಜೆ ಆರರ ಹೊತ್ತಿಗೆ ಅವನಿಗೆ ಮಾರ್ಟಿಯ ಇನ್ನೊಂದು ಮಾತು ನೆನಪಾಯಿತು. ಸೋಮವಾರ ಗುಂಡಿ ತೆರೆಯಬಾರದು. ತೆರೆದರೆ ಆ ಗುಂಡಿ ಅದೇ ಮನೆಯ ಇನ್ನೊಬ್ಬರನ್ನು ಕೇಳುತ್ತದೆ. ತೆರೆಯಲೇಬೇಕಾದರೆ ಭಾನುವಾರವೇ ಒಂದು ಹುಲ್ಲು ಹೆಂಟೆ ಎತ್ತಿ ಮಗುಚಿಡಬೇಕು. ಆಗ ಕೆಲಸ ಭಾನುವಾರ ಶುರುವಾದಂತೆ. ನಾಳೆ ಸೋಮವಾರ. ಗೇಟಿನಲ್ಲಿ ಹೆಂಟೆಯ ಮಾತು ಯಾರೂ ಎತ್ತಿರಲಿಲ್ಲ. ಡೆಕ್ಲನ್ ಮತ್ತು ಅವನ ಗೆಳೆಯರು ಈಗ ಮ್ಯಾಚ್ ನೋಡುತ್ತಾ ಪಬ್ಬಿನಲ್ಲಿರುತ್ತಾರೆ.

ಆಕಾಶ್ ಹಿತ್ತಿಲಿನಿಂದ ಸನಿಕೆ ತೆಗೆದುಕೊಂಡ.

ಸ್ಮಶಾನದಲ್ಲಿ ಮೇ ತಿಂಗಳ ಬೆಳಕು ಇನ್ನೂ ಗಟ್ಟಿಯಾಗಿತ್ತು. ಮಾರ್ಟಿಯ ಹೆಂಡತಿಯ ಸಮಾಧಿಯ ಎಡಗಡೆ, ಅವನೇ ತೋರಿಸಿದ್ದ ಜಾಗ. ಮೂರು ಏಟು, ಎಡಗೈ ಮುಂದೆ. ಹೆಂಟೆ ಇಡಿಯಾಗಿ ಎದ್ದು ಬಂತು, ಕೆಳಗೆ ಒಂದು ಎರೆಹುಳು ಮುದುಡಿಕೊಂಡಿತು. ಹುಲ್ಲು ಕೆಳಗಾಗುವಂತೆ ಮಗುಚಿಟ್ಟ. ಒಂದು ಹಿಡಿ ಮಣ್ಣು ಕೈಗೆತ್ತಿಕೊಂಡ. ತಣ್ಣಗಿತ್ತು. ಯಾರಿಗೆಂದು ಹಾಕಬೇಕು ಎಂಬುದು ಹೊಳೆಯಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಕೊನೆಗೆ ಕೈ ಸಡಿಲಿಸಿದ. ಅದು ಬಿದ್ದ ಸದ್ದು ಕಿವಿಗೆ ಬಿತ್ತು, ಬಿದ್ದದ್ದು ಕಣ್ಣಿಗೂ ಕಂಡಿತು.

ಸೋಮವಾರ ಬೆಳಗ್ಗೆ ಬರಬಾರದು ಅಂದುಕೊಂಡೇ ಬಂದ. ಸ್ಮಶಾನದ ಕಲ್ಲುಗೋಡೆಯ ಹೊರಗೆ ನಿಂತ. ಒಳಗೆ ಡೆಕ್ಲನ್ ಮತ್ತು ಮೂವರು ಸನಿಕೆ ಹಿಡಿದು ಸುಮ್ಮನೆ ನಿಂತಿದ್ದರು. ಹಿಂದೆ ಹತ್ತಾರು ಜನ. ಎದುರಿಗೆ ಕೋಲೂರಿಕೊಂಡು ಮಾರ್ಟಿಯ ತಂಗಿ ನೋರಾ. ಎಂಬತ್ತು ದಾಟಿದವಳು, ಅಣ್ಣನ ಜೊತೆ ಒಂದೇ ಮನೆಯಲ್ಲಿ ಬಾಳಿದವಳು.

"ನಿನ್ನೆ ಹೆಂಟೆ ಎತ್ತಿದ್ದು ಯಾರು?" ಎಂದಳು ನೋರಾ.

"ಯಾವ ಹೆಂಟೆ, ಅತ್ತೆ?" ಎಂದ ಡೆಕ್ಲನ್.

"ಯಾವ ಹೆಂಟೆನಾ! ಭಾನುವಾರ ಎತ್ತದೆ ಸೋಮವಾರ ಬಾಯಿ ತೆರೆದ್ರೆ ಮನೇಲಿ ಇನ್ನೊಂದು ಹೆಣ ಬೀಳುತ್ತೆ ಕಣೋ. ಆ ಮನೇಲಿ ಉಳಿದಿರೋಳು ನಾನೊಬ್ಬಳೇ. ನಿಂಗೆ ಅಷ್ಟು ಅವಸರನಾ?"

ಯಾರೋ ಕಿಸಕ್ಕೆಂದರು. ಡೆಕ್ಲನ್‌ನ ಕಿವಿ ಕೆಂಪಾಯಿತು. "ನಂಗೆ ಗೊತ್ತಿರಲಿಲ್ಲ. ನಾವ್ಯಾರೂ ಎತ್ತಿಲ್ಲ."

ನೋರಾ ಬಗ್ಗಿ ನೋಡಿದಳು. ಮಗುಚಿದ ಹೆಂಟೆ, ಅದರ ಪಕ್ಕ ಒಂದು ಹಿಡಿ ಮಣ್ಣು. ಕತ್ತರಿಸಿದ ಅಂಚಿನ ಮೇಲೆ ಕೋಲಿನ ತುದಿ ಎಳೆದಳು. ಅಂಚು ಎಡಕ್ಕೆ ಇಳಿಜಾರಾಗಿತ್ತು. ಎಪ್ಪತ್ತು ವರ್ಷ ಇದೇ ಇಳಿಜಾರಿನ ಮಣ್ಣಿಟ್ಟಿಗೆಗಳನ್ನು ಅವಳು ಒಲೆಯ ಮುಂದೆ ಪೇರಿಸಿದ್ದಳು. "ಇದು ಮಾರ್ಟಿ ಕೊಯ್ಯೋ ಥರ," ಎಂದು ತಲೆಯೆತ್ತಿ ಗೋಡೆಯ ಕಡೆ ನೋಡಿದಳು. ನಿಧಾನವಾಗಿ ನಡೆದು ಬಂದಳು. ಗೋಡೆಯ ಮೇಲಿಂದ ಕೈ ಚಾಚಿ ಆಕಾಶ್‌ನ ಕೈ ಹಿಡಿದಳು.

"ನಿನ್ನ ದುಃಖಕ್ಕೆ ನನ್ನ ಮರುಕ, ಮಗಾ," ಎಂದಳು.

ಸತ್ತವರ ಮನೆಯವರಿಗೆ ಮಾತ್ರ ಊರವರು ಹೇಳುವ ಮಾತದು. ಎರಡು ದಿನದಿಂದ ಊರೆಲ್ಲಾ ಅವಳಿಗೆ ಹೇಳುತ್ತಿದ್ದ ಮಾತು.

ಹಿಂದೆಯೇ ಡೆಕ್ಲನ್ ಬಂದ. ಸನಿಕೆಯ ಹಿಡಿಯನ್ನು ಗೋಡೆಯಾಚೆಗೆ ಚಾಚಿದ. ಹಿಂದೆ ಎಲ್ಲರೂ ನೋಡುತ್ತಿದ್ದರು.

"ನೀನೇನಾ ಮಾಡಿದ್ದು?" ಎಂದ. "ಹೌದು ಅನ್ನು, ಸಾಕು. ಒಳಗೆ ಬಾ."

ಹಿಡಿ ಕೈಗೆಟಕುವಷ್ಟು ಹತ್ತಿರವಿತ್ತು. ಸವೆದು ನುಣುಪಾದ ಮರ, ಮಾರ್ಟಿಯದೇ ಸನಿಕೆ. ಆಕಾಶ್‌ನ ಅಂಗೈ ತುರಿಸಿತು. ಉಗುರಿನ ಸಂದಿಯಲ್ಲಿ ನಿನ್ನೆಯ ಮಣ್ಣು ಇನ್ನೂ ಹಾಗೇ ಇತ್ತು.

ನೋರಾಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಡೆಕ್ಲನ್‌ನ ಹಿಂದೆ ನಿಂತಿದ್ದ ಊರನ್ನು ಒಂದು ಸಲ ನೋಡಿದ. ಕೆಲವರು ಬೂಟಿನ ತುದಿ ನೋಡಿಕೊಂಡರು.

ಯಾರು ಮಾಡಿದ್ದು ಅಂದರೆ ಈ ಊರೂ ಎಂದೂ ಉತ್ತರ ಕೊಟ್ಟಿರಲಿಲ್ಲ, ಮಾರ್ಟಿಯ ಗುಂಡಿಗೆ ಅವನ ಕೈ ನಿನ್ನೆಯೇ ಬಿದ್ದಿತ್ತು. ಬೆನ್ನು ತಿರುಗಿಸಿ, ರಸ್ತೆ ಹಿಡಿದು ನಡೆದ.